ಬೆಳಗಿನ ಜಾವ ಬಿದ್ದ ಕನಸು

ಬೆಳಿಗ್ಗೆ ಐದೂವರೆ. ಹೊರಗೆ ಇನ್ನೂ ಪೂರ್ತಿ ಬೆಳಕಾಗಿಲ್ಲ. ನಿದ್ದೆ ತಿಳಿಯಾಗಿದೆ, ಕಣ್ಣು ತೆರೆದಿಲ್ಲ. ರೆಪ್ಪೆಯ ಒಳಗೆ ಒಂದು ಮನೆ. ಊರಿನ ಹಳೆಯ ಮನೆಯೇ ಅದು, ಆದರೆ ಹಿತ್ತಿಲ ಬಾಗಿಲು ತೆಗೆದರೆ ಆಫೀಸಿನ ಕಾರಿಡಾರು. ಅಲ್ಲಿ ಯಾರೋ ಕಾಯುತ್ತಿದ್ದಾರೆ. ಅವರಿಗೆ ಏನನ್ನೋ ತಲುಪಿಸಬೇಕು, ಕೈಯಲ್ಲಿ ನೋಡಿದರೆ ಅದು ಇಲ್ಲ. ಎಲ್ಲವೂ ಕಣ್ಣಿಗೆ ಕಟ್ಟಿದ ಹಾಗಿದೆ. ಇದನ್ನು ಮರೆಯುವುದು ಸಾಧ್ಯವೇ ಇಲ್ಲ ಅನ್ನಿಸುತ್ತದೆ.

ಅಷ್ಟರಲ್ಲಿ ಗೇಟಿನ ಹತ್ತಿರ ಹಾಲಿನ ಪ್ಯಾಕೆಟ್ ಬಿದ್ದ ಸದ್ದು. ಎದ್ದು ಹೋಗಿ ತಂದು, ಮೂಲೆ ಕತ್ತರಿಸಿ, ಪಾತ್ರೆಗೆ ಸುರಿದು ಒಲೆ ಹಚ್ಚಿ, ‘ಇವತ್ತು ಎಂಥಾ ಕನಸು ಬಿತ್ತು ಗೊತ್ತಾ’ ಎಂದು ಬಾಯಿ ತೆರೆಯುವ ಹೊತ್ತಿಗೆ ಹೇಳಲು ಏನೂ ಉಳಿದಿರುವುದಿಲ್ಲ. ಒಂದು ಮನೆ ಇತ್ತು. ಯಾರೋ ಇದ್ದರು. ಎದೆಯಲ್ಲಿ ಸ್ವಲ್ಪ ಕಳವಳ ಮಾತ್ರ ಉಳಿದಿದೆ, ಅದು ಯಾವುದರ ಕಳವಳ ಎಂಬುದು ಹೋಗಿಬಿಟ್ಟಿದೆ.

ಕನ್ನಡದಲ್ಲಿ ನಾವು ಕನಸು ‘ಬಿತ್ತು’ ಅನ್ನುತ್ತೇವೆ, ಮಳೆ ಬಿತ್ತು ಅನ್ನುವ ಹಾಗೆ. ನಾವು ಮಾಡಿದ್ದಲ್ಲ, ನಮ್ಮ ಮೇಲೆ ಆದದ್ದು ಎಂಬ ಅರ್ಥ ಆ ಮಾತಿನಲ್ಲೇ ಇದೆ. ಆದರೆ ಬಿದ್ದ ಮಳೆ ಎಲ್ಲಿಗೆ ಹೋಯಿತು ಎಂದು ಕೇಳುವಷ್ಟು ಸಹಜವಾಗಿ, ಬಿದ್ದ ಕನಸು ಎಲ್ಲಿಗೆ ಹೋಯಿತು ಎಂದು ಕೇಳುವವರು ಕಡಿಮೆ. ಮರೆತುಹೋಗುವ ಇದೇ ಕನಸುಗಳಲ್ಲಿ ಕೆಲವು ಮಾತ್ರ ಇಪ್ಪತ್ತು ಮೂವತ್ತು ವರ್ಷ ಬಿಡದೆ ಯಾಕೆ ಮರಳಿ ಬರುತ್ತವೆ ಎಂದು ಕೇಳುವವರು ಇನ್ನೂ ಕಡಿಮೆ. ಎರಡು ಪ್ರಶ್ನೆಗಳಿಗೂ ಕಳೆದ ಎಪ್ಪತ್ತು ವರ್ಷಗಳಲ್ಲಿ ಸಾಕಷ್ಟು ಉತ್ತರ ಸಿಕ್ಕಿದೆ.

ಮುಚ್ಚಿದ ರೆಪ್ಪೆಯ ಒಳಗೆ

1950ರ ದಶಕದ ಆರಂಭ. ಷಿಕಾಗೊ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ಯೂಜೀನ್ ಅಸೆರಿನ್‌ಸ್ಕಿ ಒಂದು ರಾತ್ರಿ ತನ್ನ ಎಂಟು ವರ್ಷದ ಮಗನ ತಲೆಗೂ ಕಣ್ಣಿನ ಸುತ್ತಲೂ ತಂತಿಗಳನ್ನು ಅಂಟಿಸಿ ಮಲಗಿಸಿದ. ಮಿದುಳಿನ ವಿದ್ಯುತ್ ಅಲೆಗಳನ್ನು ಕಾಗದದ ಮೇಲೆ ಗೀಚುವ ಹಳೆಯ ಯಂತ್ರವೊಂದು ಅವನ ಬಳಿ ಇತ್ತು. ಹುಡುಗ ನಿದ್ದೆಹೋದ, ಗೆರೆಗಳು ಶಾಂತವಾದವು. ಸ್ವಲ್ಪ ಹೊತ್ತಿನ ಮೇಲೆ ಪೆನ್ನುಗಳು ಜೋರಾಗಿ ಆಡತೊಡಗಿದವು. ಮಗ ಎಚ್ಚರಗೊಂಡ ಎಂದುಕೊಂಡು ಅಪ್ಪ ಕೋಣೆಗೆ ಹೋಗಿ ನೋಡಿದರೆ ಹುಡುಗ ಗಾಢ ನಿದ್ದೆಯಲ್ಲಿದ್ದಾನೆ, ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಮಾತ್ರ ಅತ್ತಿತ್ತ ಓಡಾಡುತ್ತಿದೆ.

ಆ ತನಕ ನಿದ್ದೆ ಎಂದರೆ ದೀಪ ಆರಿಸಿದ ಹಾಗೆ ಎಂದೇ ವಿಜ್ಞಾನಿಗಳು ನಂಬಿದ್ದರು. 1953ರಲ್ಲಿ ಅಸೆರಿನ್‌ಸ್ಕಿ ಮತ್ತು ಅವನ ಗುರು ನಥಾನಿಯಲ್ ಕ್ಲೈಟ್‌ಮನ್ ಈ ‘ಕಣ್ಣೋಡುವ ನಿದ್ದೆ’ಯ ಬಗ್ಗೆ ಪ್ರಬಂಧ ಪ್ರಕಟಿಸಿದರು. ವೈದ್ಯರು ಇದನ್ನು ರೆಮ್ ನಿದ್ದೆ ಅನ್ನುತ್ತಾರೆ. ಆ ಹೊತ್ತಿನಲ್ಲಿ ಎಬ್ಬಿಸಿ ಕೇಳಿದರೆ ಹತ್ತರಲ್ಲಿ ಎಂಟು ಸಲ ಜನ ಕನಸೊಂದನ್ನು ಹೇಳುತ್ತಾರೆ. ಬೇರೆ ಹೊತ್ತಿನ ನಿದ್ದೆಯಲ್ಲೂ ಕನಸು ಇಲ್ಲದಿಲ್ಲ. ಆದರೆ ಕಥೆಯಂತೆ ಉದ್ದವಾದ, ಬಣ್ಣ ಭಯ ಎಲ್ಲ ತುಂಬಿದ ಕನಸುಗಳು ಹೆಚ್ಚಾಗಿ ಇಲ್ಲಿಯವು.

ನಿದ್ದೆ ಸುಮಾರು ತೊಂಬತ್ತು ನಿಮಿಷಗಳ ಸುತ್ತುಗಳಲ್ಲಿ ಸಾಗುತ್ತದೆ. ರಾತ್ರಿಗೆ ನಾಲ್ಕೈದು ಸುತ್ತು. ಮೊದಲ ಸುತ್ತಿನಲ್ಲಿ ರೆಮ್ ಕೆಲವೇ ನಿಮಿಷ, ಬೆಳಗಾಗುತ್ತ ಹೋದಂತೆ ಅದು ಉದ್ದವಾಗುತ್ತದೆ. ಕೊನೆಯ ಸುತ್ತಿನಲ್ಲಿ ಅರ್ಧ ಗಂಟೆ ಮೀರುವುದೂ ಉಂಟು. ದೊಡ್ಡವರ ನಿದ್ದೆಯಲ್ಲಿ ಇದರ ಪಾಲು ಸುಮಾರು ಐದರಲ್ಲಿ ಒಂದು. ಹಾಗಾಗಿ ‘ನನಗೆ ಕನಸೇ ಬೀಳುವುದಿಲ್ಲ’ ಎನ್ನುವವರಿಗೂ ರಾತ್ರಿಗೆ ಒಂದು ಗಂಟೆಗೂ ಹೆಚ್ಚು ಹೊತ್ತು ಕನಸಿಗೆ ಹದವಾದ ನಿದ್ದೆ ಇದ್ದೇ ಇರುತ್ತದೆ.

ಬೆಳಗಿನ ಜಾವದ ಕನಸು ನಿಜವಾಗುತ್ತದೆ ಎಂದು ನಮ್ಮ ಮನೆಗಳಲ್ಲಿ ಹೇಳುವುದನ್ನು ಎಲ್ಲರೂ ಕೇಳಿರುತ್ತೇವೆ. ನಿಜವಾಗುವ ಮಾತು ಒತ್ತಟ್ಟಿಗಿರಲಿ, ಆ ನಂಬಿಕೆಯ ಹಿಂದೆ ಒಳ್ಳೆಯ ಗಮನಿಕೆ ಇದೆ. ಅತಿ ಉದ್ದದ, ಅತಿ ಸ್ಪಷ್ಟವಾದ ಕನಸು ಬೀಳುವುದು ಆ ಜಾವದಲ್ಲೇ. ಅದರ ಬೆನ್ನಿಗೇ ಎಚ್ಚರವಾಗುವುದರಿಂದ ನೆನಪಿನಲ್ಲಿ ಉಳಿಯುವುದೂ ಅದೇ. ಚರಕ ಸಂಹಿತೆಯಲ್ಲೂ ಇದೇ ದಾರಿಯ ಮಾತಿದೆ: ಮೊದಲ ಜಾವದಲ್ಲಿ ಕಂಡ ಕನಸಿಗೆ ಫಲ ಕಡಿಮೆ, ಯಾವುದನ್ನು ಕಂಡ ಮೇಲೆ ಮತ್ತೆ ನಿದ್ದೆ ಬರುವುದಿಲ್ಲವೋ ಅದಕ್ಕೆ ಫಲ ಹೆಚ್ಚು.

ಬರೆದುಕೊಳ್ಳದ ಗುಮಾಸ್ತ

ಹಗಲಿನಲ್ಲಿ ನಾವು ಕಂಡದ್ದನ್ನೆಲ್ಲ ಮಿದುಳು ಇಟ್ಟುಕೊಳ್ಳುವುದಿಲ್ಲ. ಯಾವುದನ್ನು ಇಟ್ಟುಕೊಳ್ಳಬೇಕು ಎಂದು ಗುರುತು ಹಾಕುವ ರಾಸಾಯನಿಕಗಳಲ್ಲಿ ನಾರ್‌ಅಡ್ರಿನಲಿನ್ ಮುಖ್ಯವಾದದ್ದು. ಎಚ್ಚರಿಕೆ, ಗಮನ, ಆತಂಕದ ಹೊತ್ತಿನಲ್ಲಿ ಅದು ಹೆಚ್ಚುತ್ತದೆ. ರಸ್ತೆಯಲ್ಲಿ ಬೈಕು ಅಂಗುಲದ ಅಂತರದಲ್ಲಿ ತಪ್ಪಿಹೋದ ಕ್ಷಣ ವರ್ಷಗಟ್ಟಲೆ ನೆನಪಿರುವುದಕ್ಕೆ ಅದರ ಪಾಲೂ ಇದೆ. ರೆಮ್ ನಿದ್ದೆಯಲ್ಲಿ ಈ ರಾಸಾಯನಿಕವನ್ನು ಒದಗಿಸುವ ನರಕೋಶಗಳು ಹೆಚ್ಚುಕಡಿಮೆ ಪೂರ್ತಿ ಮೌನವಾಗುತ್ತವೆ. ನಾಟಕ ಜೋರಾಗಿ ನಡೆಯುತ್ತಿದೆ, ಅದನ್ನು ಕಡತಕ್ಕೆ ಏರಿಸಬೇಕಾದ ಗುಮಾಸ್ತ ಮಾತ್ರ ಎದ್ದು ಹೋಗಿದ್ದಾನೆ.

ಇಷ್ಟೇ ಅಲ್ಲ. ಮಿದುಳು ಬೇಕೆಂದೇ ಒರೆಸುತ್ತದೆ ಎಂಬ ವಾದವೂ ಇದೆ. ಡಿಎನ್‌ಎ ರಚನೆಯನ್ನು ಕಂಡುಹಿಡಿದವರಲ್ಲಿ ಒಬ್ಬರಾದ ಫ್ರಾನ್ಸಿಸ್ ಕ್ರಿಕ್, ಗ್ರೀಮ್ ಮಿಚಿಸನ್ ಜೊತೆ ಸೇರಿ 1983ರಲ್ಲಿ ಈ ವಿಚಾರ ಮುಂದಿಟ್ಟರು: ಹಗಲಿನ ಬೇಡದ ಎಳೆಗಳನ್ನು ಕಿತ್ತುಹಾಕುವುದೇ ಕನಸಿನ ನಿದ್ದೆಯ ಕೆಲಸ. ಆಗ ಅದು ಬರೀ ಊಹೆ. 2019ರಲ್ಲಿ ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಸಂಶೋಧಕರ ತಂಡವೊಂದು ಇಲಿಗಳ ಮಿದುಳಿನ ಆಳದಲ್ಲಿ, ರೆಮ್ ನಿದ್ದೆಯಲ್ಲಿ ಚುರುಕಾಗಿ ನೆನಪನ್ನು ಸಡಿಲಿಸುವ ಒಂದು ಬಗೆಯ ನರಕೋಶಗಳನ್ನು ತೋರಿಸಿತು. ಆ ಕೋಶಗಳನ್ನು ತಡೆದರೆ ಇಲಿಗಳ ನೆನಪು ಸುಧಾರಿಸುತ್ತಿತ್ತು. ಮನುಷ್ಯರಲ್ಲೂ ಹೀಗೇ ಎಂದು ಇದರಿಂದ ಸಾಬೀತಾಗುವುದಿಲ್ಲ. ಆದರೂ ಮರೆವು ನಿದ್ದೆಯ ಸೋಲಲ್ಲ, ಅದರ ಕೆಲಸಗಳಲ್ಲಿ ಒಂದು ಎಂಬ ಮಾತಿಗೆ ಬಲ ಬಂದಿದೆ. ನಡೆಯದ ಜಗಳವನ್ನೂ ಕೊಡದ ಸಾಲವನ್ನೂ ನಿಜವಾಗಿ ನಡೆದದ್ದರಷ್ಟೇ ಗಟ್ಟಿಯಾಗಿ ನೆನಪಿಟ್ಟುಕೊಂಡು ಬೆಳಿಗ್ಗೆ ಎದ್ದರೆ ಬದುಕುವುದು ಕಷ್ಟ.

ನೆನಪಿಲ್ಲದ ಮಾತ್ರಕ್ಕೆ ಗುರುತು ಉಳಿಯುವುದಿಲ್ಲ ಎಂದಲ್ಲ. ಇಡೀ ದಿನ ಅಡಿಕೆ ಸುಲಿದವರಿಗೆ ರಾತ್ರಿ ಕಣ್ಣು ಮುಚ್ಚಿದರೆ ಅಡಿಕೆಯೇ ಕಾಣುವುದು ಗೊತ್ತು. 2000ನೇ ಇಸವಿಯಲ್ಲಿ ಹಾರ್ವರ್ಡಿನ ರಾಬರ್ಟ್ ಸ್ಟಿಕ್‌ಗೋಲ್ಡ್ ಇದನ್ನೇ ಟೆಟ್ರಿಸ್ ಎಂಬ ಕಂಪ್ಯೂಟರ್ ಆಟದಿಂದ ಪರೀಕ್ಷಿಸಿದರು. ಆಡಿದವರಲ್ಲಿ ಹಲವರಿಗೆ ನಿದ್ದೆ ಹತ್ತುವ ಹೊತ್ತಿಗೆ ಮೇಲಿನಿಂದ ಬೀಳುವ ಚೌಕಗಳು ಕಂಡವು. ಹೊಸ ನೆನಪು ಉಳಿಯದ ಕಾಯಿಲೆಯವರೂ ಆ ಪ್ರಯೋಗದಲ್ಲಿದ್ದರು. ಆಟ ಆಡಿದ್ದೇ ಅವರಿಗೆ ನೆನಪಿರಲಿಲ್ಲ, ಚೌಕಗಳು ಅವರಲ್ಲಿ ಕೆಲವರಿಗೂ ಕಂಡವು.

ನೆನಪಿರುವವರು ಮತ್ತು ಇರದವರು

ಒಂದೇ ಮನೆಯಲ್ಲಿ ಅಕ್ಕ ದಿನಾ ಎರಡೆರಡು ಕನಸು ಹೇಳುತ್ತಾಳೆ, ತಮ್ಮನಿಗೆ ತಿಂಗಳಿಗೊಂದೂ ಇಲ್ಲ. ಫ್ರಾನ್ಸಿನ ಲಿಯಾನ್ ನಗರದಲ್ಲಿ ಪೆರಿನ್ ರುಬಿ ಮತ್ತು ಸಂಗಡಿಗರು ಇಂಥ ಎರಡು ಗುಂಪುಗಳನ್ನು ಹೋಲಿಸಿ ನೋಡಿದರು. ಕನಸು ನೆನಪಿರುವವರು ರಾತ್ರಿಯಲ್ಲಿ ಒಟ್ಟು ಅರ್ಧ ಗಂಟೆಯಷ್ಟು ಎಚ್ಚರವಾಗಿರುತ್ತಿದ್ದರು, ನೆನಪಿರದವರು ಅದರ ಅರ್ಧದಷ್ಟು. ಚಿಕ್ಕ ಚಿಕ್ಕ ಎಚ್ಚರಗಳವು. ನಿದ್ದೆಯಲ್ಲಿ ಹೆಸರು ಕರೆದರೂ ಸದ್ದಾದರೂ ಕನಸು ನೆನಪಿರುವವರ ಮಿದುಳು ಹೆಚ್ಚು ಓಗೊಡುತ್ತಿತ್ತು.

ಕನಸು ನೆನಪಿನ ಕಡತ ಸೇರಲು ಆ ಚಿಕ್ಕ ಎಚ್ಚರ ಬೇಕು. ಗುಮಾಸ್ತ ಒಂದೆರಡು ನಿಮಿಷ ಬಂದು ಕೂರುವುದು ಆಗ ಮಾತ್ರ. ಕೈಗೂಸಿರುವ ತಾಯಂದಿರು, ರಾತ್ರಿ ಪಾಳಿಯವರು, ರೋಗಿಯ ಪಕ್ಕ ಮಲಗಿದವರು ಕನಸು ಜಾಸ್ತಿಯಾಗಿದೆ ಎಂದು ಹೇಳುವುದರಲ್ಲಿ ಆಶ್ಚರ್ಯವಿಲ್ಲ. ಅವರ ಕನಸು ಜಾಸ್ತಿಯಾಗಿರಬೇಕೆಂದಿಲ್ಲ, ನಿದ್ದೆ ಮುರಿದಿದೆ.

ಎಚ್ಚರವಾದ ಮರುಕ್ಷಣ ಏನು ಮಾಡುತ್ತೇವೆ ಎಂಬುದೂ ಅಷ್ಟೇ ಮುಖ್ಯ. 1970ರ ದಶಕದಲ್ಲಿ ಡೇವಿಡ್ ಕೋಹೆನ್ ಎಂಬ ಅಮೆರಿಕದ ಮನೋವಿಜ್ಞಾನಿ ಸರಳವಾದ ಪ್ರಯೋಗ ಮಾಡಿದರು. ಒಂದು ಗುಂಪಿಗೆ, ಎದ್ದ ತಕ್ಷಣ ಫೋನ್ ಮಾಡಿ ಆ ದಿನದ ಹವಾಮಾನ ತಿಳಿದುಕೊಂಡು ಆಮೇಲೆ ಕನಸು ಬರೆಯಿರಿ ಎಂದರು. ಇನ್ನೊಂದು ಗುಂಪಿಗೆ ಸುಮ್ಮನೆ ಮಲಗಿದ್ದು ಆಮೇಲೆ ಬರೆಯಲು ಹೇಳಿದರು. ಫೋನ್ ಮಾಡಿದವರಲ್ಲಿ ಕನಸಿನ ವಿವರ ಉಳಿದದ್ದು ಇನ್ನೊಂದು ಗುಂಪಿನ ಸುಮಾರು ಅರ್ಧದಷ್ಟು. ಒಂದೇ ಒಂದು ಫೋನ್ ಕರೆ. ಇಂದು ಕಣ್ಣು ಬಿಡುವ ಮೊದಲೇ ದಿಂಬಿನ ಕೆಳಗೆ ಕೈಹಾಕಿ ಮೊಬೈಲ್ ತಡಕುವ ನಾವು ಎಷ್ಟು ಕಳೆದುಕೊಳ್ಳುತ್ತಿರಬಹುದು ಎಂದು ಯೋಚಿಸಿ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಲೋವಿಯ ಚೀಟಿ

ಕನಸು ಬರೆದಿಡುವ ವಿಷಯ ಬಂದಾಗ ಓಟ್ಟೋ ಲೋವಿಯ ಕಥೆ ಹೇಳದೆ ಮುಂದೆ ಹೋಗಲಾಗದು. ಆಸ್ಟ್ರಿಯಾದ ಗ್ರಾಜ್ ನಗರದಲ್ಲಿದ್ದ ಔಷಧ ವಿಜ್ಞಾನಿ ಅವರು. ನರಗಳು ತಮ್ಮ ಸಂದೇಶವನ್ನು ವಿದ್ಯುತ್ತಿನಿಂದಲೇ ಮುಟ್ಟಿಸುತ್ತವೆಯೋ ರಾಸಾಯನಿಕದಿಂದಲೋ ಎಂಬ ಪ್ರಶ್ನೆ ವರ್ಷಗಳಿಂದ ಅವರ ತಲೆಯಲ್ಲಿತ್ತು. 1920ರ ದಶಕದ ಆರಂಭದ ಒಂದು ರಾತ್ರಿ ಅದನ್ನು ಬಿಡಿಸುವ ಪ್ರಯೋಗ ಕನಸಿನಲ್ಲಿ ಕಂಡಿತು. ಎದ್ದು ಚೀಟಿಯೊಂದರಲ್ಲಿ ಗೀಚಿ ಮಲಗಿದರು. ಬೆಳಿಗ್ಗೆ ನೋಡಿದರೆ ತಮ್ಮದೇ ಅಕ್ಷರ ಓದಲಾಗಲಿಲ್ಲ. ಕಂಡದ್ದು ಮುಖ್ಯವಾದದ್ದು ಎಂಬುದಷ್ಟೇ ನೆನಪಿತ್ತು, ಏನೆಂಬುದು ಇರಲಿಲ್ಲ. ಆ ಇಡೀ ದಿನ ಅವರಿಗೆ ಹೇಗೆ ಕಳೆದಿರಬೇಕು!

ಮರುರಾತ್ರಿ ಮೂರು ಗಂಟೆಗೆ ಅದೇ ಕನಸು ಮರಳಿತು. ಈ ಸಲ ಅವರು ಚೀಟಿಯನ್ನು ನಂಬಲಿಲ್ಲ, ನೇರ ಪ್ರಯೋಗಾಲಯಕ್ಕೆ ಹೋದರು. ಎರಡು ಕಪ್ಪೆಗಳ ಮಿಡಿಯುವ ಹೃದಯಗಳನ್ನು ಬೇರೆ ಬೇರೆ ಇಟ್ಟು, ಒಂದರ ನರವನ್ನು ಪ್ರಚೋದಿಸಿ ಮಿಡಿತ ನಿಧಾನಗೊಳಿಸಿದರು. ಅದರ ಸುತ್ತಲಿದ್ದ ದ್ರವವನ್ನು ಇನ್ನೊಂದಕ್ಕೆ ಹಾಕಿದಾಗ ಆ ಹೃದಯವೂ ನಿಧಾನವಾಯಿತು. ದ್ರವದಲ್ಲಿ ಏನೋ ಒಂದು ರಾಸಾಯನಿಕ ದಾಟಿತ್ತು. 1936ರಲ್ಲಿ ಲೋವಿ, ಹೆನ್ರಿ ಡೇಲ್ ಜೊತೆ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಆ ರಾಸಾಯನಿಕ ಅಸಿಟೈಲ್‌ಕೋಲಿನ್. ರೆಮ್ ನಿದ್ದೆಯಲ್ಲಿ ನಾರ್‌ಅಡ್ರಿನಲಿನ್ ಅಡಗಿದಾಗ ಮಿದುಳಿನಲ್ಲಿ ಉಕ್ಕಿ, ಕನಸಿನ ಆ ನಿದ್ದೆಯನ್ನು ನಡೆಸುವ ರಾಸಾಯನಿಕವೂ ಅದೇ ಎಂದು ತಿಳಿದದ್ದು ಎಷ್ಟೋ ವರ್ಷಗಳ ನಂತರ.

ಮತ್ತೆ ಅದೇ ಪರೀಕ್ಷೆ ಕೊಠಡಿ

ಹೊರಗೆ ಎರಡನೇ ಬೆಲ್ ಹೊಡೆದಿದೆ. ಕೊಠಡಿ ಸಿಗುತ್ತಿಲ್ಲ. ಸಿಕ್ಕಿದರೆ ಬೆಂಚಿನ ಮೇಲೆ ಬರೆದ ರಿಜಿಸ್ಟರ್ ನಂಬರು ನಮ್ಮದಲ್ಲ. ಕೂತರೆ ಪ್ರಶ್ನೆಪತ್ರಿಕೆ ಗಣಿತದ್ದು, ನಾವು ಓದಿ ಬಂದದ್ದು ಸಮಾಜ. ಪೆನ್ನು ಬರೆಯುವುದಿಲ್ಲ. ಪಕ್ಕದವರು ಆಗಲೇ ಎದ್ದು ಅಡಿಷನಲ್ ಶೀಟ್ ಕೇಳುತ್ತಿದ್ದಾರೆ. ಇನ್ನು ಹತ್ತು ನಿಮಿಷ ಎಂದು ಮೇಷ್ಟ್ರು ಕೂಗುತ್ತಾರೆ.

ಎಸ್ಸೆಸ್ಸೆಲ್ಸಿ ಪಾಸಾಗಿ ಮೂವತ್ತು ವರ್ಷವಾದವರಿಗೆ, ಕೆಲಸದಿಂದ ನಿವೃತ್ತರಾದವರಿಗೆ, ತಾವೇ ಮೇಷ್ಟ್ರಾಗಿ ಸಾವಿರಾರು ಉತ್ತರಪತ್ರಿಕೆ ತಿದ್ದಿದವರಿಗೂ ಈ ಕನಸು ಬೀಳುತ್ತದೆ. ಸಂಜೆ ನಾಲ್ಕು ಜನ ಕೂತಲ್ಲಿ ಈ ಮಾತು ಎತ್ತಿ ನೋಡಿ. ಕನಿಷ್ಠ ಇಬ್ಬರು ‘ಅಯ್ಯೋ, ನನಗೂ’ ಅನ್ನುತ್ತಾರೆ. ನನಗೂ ಅಷ್ಟೇ. ನನ್ನ ಕನಸಿನಲ್ಲಿ ಸದಾ ಗಣಿತ, ಸದಾ ಹಾಲ್ ಟಿಕೆಟ್ ಮನೆಯಲ್ಲೇ ಬಿಟ್ಟುಬಂದಿರುತ್ತೇನೆ.

ಫ್ರಾಯ್ಡ್ 1900ರ ತಮ್ಮ ಕನಸಿನ ಪುಸ್ತಕದಲ್ಲೇ ಈ ಕನಸಿಗೆ ಜಾಗ ಕೊಟ್ಟಿದ್ದರು. ವಿಯೆನ್ನಾದಲ್ಲೂ ಪದವಿ ಪಡೆದ ವೈದ್ಯರು ಶಾಲೆಯ ಕೊನೆಯ ಪರೀಕ್ಷೆಯಲ್ಲಿ ಫೇಲಾದ ಕನಸು ಕಾಣುತ್ತಿದ್ದರು. ಕುತೂಹಲದ ಸಂಗತಿ ಎಂದರೆ, ಜನ ಕಾಣುವುದು ಹೆಚ್ಚಾಗಿ ತಾವು ಪಾಸಾದ ಪರೀಕ್ಷೆಯನ್ನೇ ಎಂದು ಫ್ರಾಯ್ಡ್ ಬಳಗದವರು ಗಮನಿಸಿದ್ದರು. ನಾಳೆ ಯಾವುದೋ ಹೊಣೆ ಇದೆ, ಭಯವಾಗುತ್ತಿದೆ. ‘ಆಗಲೂ ಹೀಗೇ ಹೆದರಿದ್ದೆ, ಏನೂ ಆಗಲಿಲ್ಲವಲ್ಲ’ ಎಂದು ಕನಸು ಸಮಾಧಾನ ಹೇಳುತ್ತಿದೆ ಎಂಬುದು ಫ್ರಾಯ್ಡ್ ಕೊಟ್ಟ ಅರ್ಥ. ಅವರ ಬೇರೆ ಎಷ್ಟೋ ವ್ಯಾಖ್ಯಾನಗಳನ್ನು ಇಂದಿನ ಸಂಶೋಧಕರು ಒಪ್ಪುವುದಿಲ್ಲ. ಈ ಒಂದು ಮಾತು ಮಾತ್ರ ನನಗೆ ಹಿಡಿಸುತ್ತದೆ, ಪೂರ್ತಿ ಸರಿಯಿರಲಿ ಇಲ್ಲದಿರಲಿ.

ಹೆಚ್ಚು ನೆಲದ ಮೇಲೆ ನಿಂತ ವಿವರಣೆ ಬಂದದ್ದು ಅಮೆರಿಕದ ಕಾಲ್ವಿನ್ ಹಾಲ್ ಅವರಿಂದ. 1985ರಲ್ಲಿ ತೀರಿಕೊಳ್ಳುವ ವೇಳೆಗೆ ಅವರು ಐವತ್ತು ಸಾವಿರ ಕನಸುಗಳನ್ನು ಕೂಡಿಹಾಕಿದ್ದರು. ಗುಪ್ತ ಸಂಕೇತ ಹುಡುಕುವ ಬದಲು ಅವರು ಎಣಿಸಿದರು: ಯಾರಿದ್ದರು, ಎಲ್ಲಿ, ಜಗಳವೋ ಸ್ನೇಹವೋ, ಗೆಲುವೋ ಸೋಲೋ. ಅವರ ಶಿಷ್ಯ ವಿಲಿಯಂ ಡಾಮ್‌ಹಾಫ್ ಆ ಕೆಲಸ ಮುಂದುವರಿಸಿದರು. ಹಗಲಿನಲ್ಲಿ ಯಾವುದು ನಮ್ಮನ್ನು ಕಾಡುತ್ತದೆಯೋ ರಾತ್ರಿಯೂ ಅದೇ ಮುಂದುವರಿಯುತ್ತದೆ, ವೇಷ ಹೆಚ್ಚೇನೂ ಬದಲಾಗದೆ. ಇದು ಅವರ ಎಣಿಕೆಯಿಂದ ಹೊರಟ ಮಾತು.

ಹಾಗಾದರೆ ಇಂದಿನ ಆತಂಕಕ್ಕೆ ಮೂವತ್ತು ವರ್ಷದ ಹಿಂದಿನ ಕೊಠಡಿ ಯಾಕೆ? ರೆಮ್ ನಿದ್ದೆಯಲ್ಲಿ ಭಯ, ಭಾವನೆಗಳನ್ನು ನೋಡಿಕೊಳ್ಳುವ ಮಿದುಳಿನ ಭಾಗ ಹಗಲಿಗಿಂತಲೂ ಚುರುಕಾಗಿರಬಲ್ಲದು. ಹಣೆಯ ಹಿಂದಿರುವ, ತರ್ಕ ಮಾಡಿ ತಾಳೆ ನೋಡುವ ಭಾಗ ಮಂಕಾಗಿರುತ್ತದೆ. 1990ರ ದಶಕದಲ್ಲಿ ಮಲಗಿದವರ ಮಿದುಳನ್ನು ಸ್ಕ್ಯಾನ್ ಮಾಡಿದವರು ಇದನ್ನು ಸ್ಪಷ್ಟವಾಗಿ ಕಂಡರು. ನಾಳೆಯ ಮೀಟಿಂಗಿನ ಕಳವಳ ಮನಸ್ಸಿನಲ್ಲಿದೆ ಎನ್ನಿ. ಅಳೆದು ನೋಡುತ್ತಾರೆ, ಸಮಯ ಸಾಲದು, ಸಿದ್ಧತೆ ಆಗಿಲ್ಲ ಎಂಬ ಇದೇ ಬಗೆಯ ಭಯವನ್ನು ಮಿದುಳು ಮೊದಲ ಸಲ ಗಟ್ಟಿಯಾಗಿ ಕಲಿತದ್ದು ಆ ಮಾರ್ಚ್ ತಿಂಗಳ ಕೊಠಡಿಯಲ್ಲಿ. ಭಾವನೆ ತನಗೆ ಒಪ್ಪುವ ಹಳೆಯ ಜಾಗಕ್ಕೆ ಹೋಗಿ ಕೂರುತ್ತದೆ. ‘ನಾನು ಪಾಸಾಗಿ ಎಷ್ಟೋ ವರ್ಷವಾಯಿತಲ್ಲ’ ಎಂದು ಹೇಳಬೇಕಾದ ಹಣೆಯ ಹಿಂದಿನ ಭಾಗ ಆ ಹೊತ್ತಿಗೆ ಕೆಲಸದಲ್ಲಿರುವುದಿಲ್ಲ.

ಈಗ ಪರೀಕ್ಷೆ ಬರೆಯಬೇಕಾದ ಮಕ್ಕಳ ತಾಯ್ತಂದೆಯರಿಗೆ ಒಂದು ವಿಷಯ ಹೇಳಲೇಬೇಕು. ಪ್ಯಾರಿಸ್‌ನಲ್ಲಿ ಇಸಬೆಲ್ ಆರ್ನುಲ್ಫ್ ಮತ್ತು ಸಂಗಡಿಗರು ವೈದ್ಯಕೀಯ ಪ್ರವೇಶದ ಕಠಿಣ ಪರೀಕ್ಷೆ ಬರೆದ 700ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಕೇಳಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಸುಮಾರು ನೂರಕ್ಕೆ 60 ಮಂದಿಗೆ ಹಿಂದಿನ ರಾತ್ರಿ ಪರೀಕ್ಷೆಯ ಕನಸು ಬಿದ್ದಿತ್ತು. ಅದರಲ್ಲಿ ಬಹುಪಾಲು ತೊಂದರೆಯ ಕನಸುಗಳೇ: ತಡವಾಯಿತು, ಉತ್ತರ ಮರೆಯಿತು. ಹಾಗೆ ಕನಸು ಕಂಡವರು ಕಾಣದವರಿಗಿಂತ ಒಳ್ಳೆಯ ಅಂಕ ಪಡೆದಿದ್ದರು. ಕನಸಿನಿಂದಲೇ ಅಂಕ ಬಂತು ಎನ್ನಲಾಗದು, ಹೆಚ್ಚು ಮನಸ್ಸಿಟ್ಟು ಓದಿದವರಿಗೇ ಕನಸೂ ಬಿದ್ದಿರಬಹುದು. ಆದರೆ ‘ಫೇಲಾದ ಹಾಗೆ ಕನಸು ಬಿತ್ತು’ ಎಂದು ಮಗು ಅಳುತ್ತ ಎದ್ದರೆ ಅದನ್ನು ಅಪಶಕುನ ಎಂದು ತಿಳಿಯಬೇಡಿ. ಅದು ಸುಳ್ಳು ಎಂದು ಹೇಳುವ ಧೈರ್ಯ ಈಗ ನಮಗಿದೆ.

ಓಟ, ಬೀಳುವುದು, ಹಲ್ಲು

1958ರಲ್ಲಿ ಜಪಾನ್ ಮತ್ತು ಅಮೆರಿಕದ ವಿದ್ಯಾರ್ಥಿಗಳ ಕನಸುಗಳನ್ನು ಹೋಲಿಸಿದವರಿಗೆ ಅಚ್ಚರಿ ಕಾದಿತ್ತು: ಸಾಮಾನ್ಯ ಕನಸುಗಳ ಪಟ್ಟಿ ಹೆಚ್ಚುಕಡಿಮೆ ಒಂದೇ. 2003ರಲ್ಲಿ ಕೆನಡಾದಲ್ಲಿ ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಕೇಳಿದಾಗ ನೂರಕ್ಕೆ 80ರಷ್ಟು ಮಂದಿ ಯಾರೋ ಅಟ್ಟಿಸಿಕೊಂಡು ಬರುವ ಕನಸು ಕಂಡಿದ್ದೇವೆ ಎಂದರು. ಎತ್ತರದಿಂದ ಬೀಳುವುದು, ಶಾಲೆ ಮತ್ತು ಓದು, ತಡವಾಗಿ ತಲುಪುವುದು, ಬದುಕಿರುವವರು ಸತ್ತಂತೆ ಕಾಣುವುದು ಹಿಂದೆಯೇ ಬಂದವು.

ಅಟ್ಟಿಸಿಕೊಂಡು ಬರುವುದು ಯಾಕೆ ಇಷ್ಟು ಸಾಮಾನ್ಯ? ಫಿನ್ಲೆಂಡಿನ ಆಂಟಿ ರೆವೊನ್‌ಸುವೊ 2000ದಲ್ಲಿ ಕೊಟ್ಟ ಉತ್ತರ, ಇದು ಅಪಾಯದ ತಾಲೀಮು. ಕಾಡಿನಲ್ಲಿ ಬದುಕಿದ ಪೂರ್ವಜರು ರಾತ್ರಿ ಓಡಿ ಅಭ್ಯಾಸ ಮಾಡಿಕೊಂಡರು, ಆ ಅಭ್ಯಾಸ ನಮಗೂ ಉಳಿದಿದೆ. ಎಲ್ಲರೂ ಇದನ್ನು ಒಪ್ಪಿಲ್ಲ. ಓಡಲು ಹೋದರೆ ಕಾಲೇ ಏಳದಿರುವುದಕ್ಕೆ ಇನ್ನೂ ಹತ್ತಿರದ ಕಾರಣ ಇರಬಹುದು: ರೆಮ್ ನಿದ್ದೆಯಲ್ಲಿ ನಮ್ಮ ಕೈಕಾಲಿನ ಸ್ನಾಯುಗಳು ನಿಜವಾಗಿಯೂ ಸಡಿಲಗೊಂಡು ನಿಶ್ಚಲವಾಗಿರುತ್ತವೆ. ಲಿಯಾನ್‌ನ ಮಿಶೆಲ್ ಜುವೆ ಬೆಕ್ಕುಗಳಲ್ಲಿ ಆ ತಡೆಯನ್ನು ತೆಗೆದಾಗ ಅವು ನಿದ್ದೆಯಲ್ಲೇ ಎದ್ದು ಕಾಣದ ಬೇಟೆಯ ಮೇಲೆ ಎರಗಿದವು. ವಯಸ್ಸಾದವರೊಬ್ಬರು ನಿದ್ದೆಯಲ್ಲಿ ಹೊಡೆಯುವುದು, ಒದೆಯುವುದು, ಹಾಸಿಗೆಯಿಂದ ಬೀಳುವುದು ಹೊಸದಾಗಿ ಶುರುವಾದರೆ ಗಾಳಿ ಸೋಂಕು ಎನ್ನದೆ ನರರೋಗ ತಜ್ಞರಿಗೆ ತೋರಿಸಬೇಕು. ಈ ತಡೆ ಸಡಿಲವಾಗುವುದು ಕೆಲವೊಮ್ಮೆ ಪಾರ್ಕಿನ್‌ಸನ್ ಕಾಯಿಲೆಗೆ ವರ್ಷಗಳ ಮುಂಚಿನ ಸೂಚನೆ.

ಹಲ್ಲು ಬಿದ್ದ ಕನಸಿಗೆ ಹೆದರುವ ಮನೆಗಳು ನಮ್ಮಲ್ಲಿ ಬಹಳ. ಮನೆಯಲ್ಲಿ ಸಾವಾಗುತ್ತದೆ ಎಂಬ ಮಾತಿದೆ. ಊರಲ್ಲಿರುವ ವಯಸ್ಸಾದ ಅಪ್ಪ ಅಮ್ಮನಿಗೆ ಬೆಳಿಗ್ಗೆ ಏಳಕ್ಕೇ ಫೋನ್ ಮಾಡಿ, ಕಾರಣ ಹೇಳದೆ ‘ಹುಷಾರಾಗಿದ್ದೀರಾ’ ಎಂದು ಕೇಳಿದವರನ್ನು ನಾನು ಬಲ್ಲೆ. 2018ರಲ್ಲಿ ಇಸ್ರೇಲಿನ ಸಂಶೋಧಕರು ಈ ಕನಸು ಯಾರಿಗೆ ಬೀಳುತ್ತದೆ ಎಂದು ನೋಡಿದರು. ಎದ್ದಾಗ ಹಲ್ಲು, ಒಸಡು, ದವಡೆಯಲ್ಲಿ ಬಿಗಿತ ಅಥವಾ ನೋವು ಇರುವವರೊಂದಿಗೆ ಅದಕ್ಕೆ ನಂಟು ಸಿಕ್ಕಿತು. ಅಂಥ ಕನಸು ಬಿದ್ದರೆ ಹಲ್ಲಿನ ಡಾಕ್ಟರ ಹತ್ತಿರ ಹೋಗಿ ತೋರಿಸಿಕೊಂಡು ಬನ್ನಿ.

ಹದಿನಾರು ಕನಸು

ಕನಸು ಮುಂದಾಗುವುದನ್ನು ಹೇಳುತ್ತದೆ ಎಂಬ ನಂಬಿಕೆ ಕನ್ನಡ ನಾಡಿನ ಕಲ್ಲಿನಲ್ಲೂ ಕಾವ್ಯದಲ್ಲೂ ಇದೆ. ಪಂಪನ ಆದಿಪುರಾಣದಲ್ಲಿ ವೃಷಭನಾಥನ ತಾಯಿ ಮರುದೇವಿ ಹದಿನಾರು ಕನಸು ಕಾಣುತ್ತಾಳೆ. ಶ್ರವಣಬೆಳಗೊಳದ ಐತಿಹ್ಯದಲ್ಲಿ ಚಂದ್ರಗುಪ್ತನೂ ಹದಿನಾರು ಕನಸು ಕಂಡು ಭದ್ರಬಾಹು ಮುನಿಯನ್ನು ಅರ್ಥ ಕೇಳುತ್ತಾನೆ. ಅದರಲ್ಲಿ ಒಂದು ಹನ್ನೆರಡು ಹೆಡೆಯ ಹಾವು. ಹನ್ನೆರಡು ವರ್ಷ ಬರಗಾಲ ಎಂದು ಮುನಿ ಹೇಳಿದರಂತೆ. ಚಂದ್ರಗಿರಿಯ ಚಂದ್ರಗುಪ್ತ ಬಸದಿಯ ಕಲ್ಲಿನ ಜಾಲಂಧ್ರದಲ್ಲಿ ಇವರಿಬ್ಬರ ಕಥೆ ಚಿಕ್ಕ ಚಿಕ್ಕ ಚೌಕಗಳಲ್ಲಿ ಕೆತ್ತಿದೆ. ಅಲ್ಲಿಗೆ ಹೋದವರು ಅವಸರ ಮಾಡದೆ ನಿಂತು ನೋಡಬೇಕು. ಅಕ್ಕಮಹಾದೇವಿಯ ವಚನವೊಂದು ತಾನು ಕಂಡ ಕನಸನ್ನು ಗೆಳತಿಗೆ ಹೇಳುವ ಮಾತಿನಿಂದಲೇ ತೊಡಗುತ್ತದೆ.

ಪುರಾಣದ ಕನಸು ಪುರಾಣದ ಕೆಲಸ ಮಾಡುತ್ತದೆ, ಅದರ ಬಗ್ಗೆ ತಕರಾರಿಲ್ಲ. ನನ್ನ ತಕರಾರು ಬಸ್ ನಿಲ್ದಾಣದಲ್ಲಿ ಸಿಗುವ ಸ್ವಪ್ನಫಲದ ಪುಸ್ತಕಗಳ ಬಗ್ಗೆ, ಹಾವು ಕಂಡರೆ ಇಷ್ಟು ಸಾವಿರದ ಶಾಂತಿ ಎಂದು ಹೆದರಿಸುವವರ ಬಗ್ಗೆ. ಅವರಿಗೆ ಉತ್ತರ ಹುಡುಕಲು ಹೊರಗೆ ಹೋಗಬೇಕಾಗಿಯೂ ಇಲ್ಲ. ಚರಕ ಸಂಹಿತೆ ಕನಸನ್ನು ಏಳು ಬಗೆ ಮಾಡುತ್ತದೆ: ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿದ್ದು, ಮುಂದಾಗುವುದನ್ನು ಸೂಚಿಸುವುದು, ದೇಹದ ದೋಷದಿಂದ ಹುಟ್ಟಿದ್ದು. ಇವುಗಳಲ್ಲಿ ಮೊದಲ ಐದಕ್ಕೆ ಫಲವೇ ಇಲ್ಲ ಎಂದು ವೈದ್ಯ ತಿಳಿಯಬೇಕು ಎಂದು ಅದೇ ಗ್ರಂಥ ಹೇಳಿದೆ. ಪರೀಕ್ಷೆಯ ಕನಸು ಅನುಭವಿಸಿದ್ದು, ಟಿವಿಯಲ್ಲಿ ನೋಡಿದ ಹಾವು ಕಂಡದ್ದು. ಹಲ್ಲಿನ ಕನಸನ್ನು ಏಳನೆಯ ಬಗೆಗೆ ಸೇರಿಸಬಹುದೇನೋ. ಹಾಲ್ ಮತ್ತು ಡಾಮ್‌ಹಾಫ್ ಎಣಿಸಿ ಹೇಳಿದ್ದರ ಹತ್ತಿರಕ್ಕೆ ಆ ವೈದ್ಯರು ಎಷ್ಟೋ ಶತಮಾನಗಳ ಮುಂಚೆಯೇ ಬಂದಿದ್ದರು.

ತೀರಿಕೊಂಡವರು ಬಂದಾಗ

ಎಲ್ಲ ಕನಸುಗಳಲ್ಲಿ ಜನ ಅತಿ ಮೆಲುದನಿಯಲ್ಲಿ ಹೇಳುವುದು ಇದನ್ನು. ಅಮ್ಮ ಬಂದಿದ್ದಳು. ಏನೂ ಮಾತಾಡಲಿಲ್ಲ, ಹಜಾರದಲ್ಲಿ ಕೂತು ಹೂ ಕಟ್ಟುತ್ತಿದ್ದಳು. ಸತ್ತಿದ್ದಾಳೆ ಎಂಬುದು ಕನಸಿನಲ್ಲಿ ಗೊತ್ತಿರಲಿಲ್ಲ, ಎದ್ದ ಮೇಲೆ ಗೊತ್ತಾಯಿತು. ಮಹಾಲಯ ಅಮಾವಾಸ್ಯೆ ಹತ್ತಿರವಿದ್ದರೆ ಮನೆಯವರು ‘ಏನೋ ಕೇಳಲು ಬಂದಿದ್ದಾರೆ, ಎಡೆಗೆ ಅವರಿಗಿಷ್ಟವಾದದ್ದು ಮಾಡಿ’ ಅನ್ನುತ್ತಾರೆ.

ಅಮೆರಿಕದ ಬಫಲೋ ನಗರದ ಒಂದು ಆರೈಕೆ ಕೇಂದ್ರದಲ್ಲಿ ಕ್ರಿಸ್ಟಫರ್ ಕೆರ್ ಎಂಬ ವೈದ್ಯರ ತಂಡ ಸಾವಿನ ಸಮೀಪದಲ್ಲಿದ್ದ 59 ರೋಗಿಗಳನ್ನು ದಿನದಿನವೂ ಮಾತಾಡಿಸಿ 2014ರಲ್ಲಿ ವರದಿ ಮಾಡಿತು. ನೂರಕ್ಕೆ 88 ಮಂದಿ ಒಂದಾದರೂ ಕನಸು ಅಥವಾ ದರ್ಶನ ಹೇಳಿದರು. ತೀರಿಕೊಂಡ ಹತ್ತಿರದವರು ಕಂಡ ಕನಸುಗಳೇ ಅತಿ ಹೆಚ್ಚು ಸಮಾಧಾನ ಕೊಟ್ಟಿದ್ದವು. ಆಸ್ಪತ್ರೆಯಲ್ಲಿ ಹಿರಿಯರು ‘ನಿನ್ನೆ ನಿಮ್ಮಜ್ಜ ಬಂದಿದ್ದರು’ ಎಂದರೆ ನಾವು ತಕ್ಷಣ ‘ಏನೇನೋ ಬಡಬಡಿಸಬೇಡ, ಮಲಗು’ ಎಂದುಬಿಡುತ್ತೇವೆ. ಅದರ ಬದಲು ‘ಏನಂದರು?’ ಎಂದು ಕೇಳಬಹುದು.

ಕೊನೆ ಬದಲಿಸುವುದು

ಕೆಲವು ಕನಸುಗಳು ಮರಳಿ ಬರುವುದು ನಿಜವಾದ ಗಾಯದಿಂದ. ಅಪಘಾತ, ಬೆಂಕಿ, ಹಲ್ಲೆ. ಅಂಥವರಿಗೆ ‘ಬರೀ ಕನಸು ಬಿಡು’ ಎನ್ನುವುದು ಕ್ರೌರ್ಯ. ಅವರು ನಿದ್ದೆಗೇ ಹೆದರುತ್ತಾರೆ.

ಇದಕ್ಕೆ ಮದ್ದು ಬಳಸದ ಒಂದು ಚಿಕಿತ್ಸೆ ಇದೆ. ಹಗಲಿನಲ್ಲಿ, ಪೂರ್ತಿ ಎಚ್ಚರದಲ್ಲಿ, ಕಾಡುವ ಕನಸನ್ನು ಬರೆಯುವುದು. ಆಮೇಲೆ ಅದನ್ನು ತಮಗೆ ತೋಚಿದಂತೆ ಬದಲಿಸಿ ಬರೆಯುವುದು: ಅಟ್ಟಿಸಿಕೊಂಡು ಬಂದವನು ಕಲ್ಲಾಗಲಿ, ಬಾಗಿಲು ತೆರೆಯಲಿ, ಅಕ್ಕ ಬಂದು ಕೈಹಿಡಿಯಲಿ. ಹೊಸ ಕನಸನ್ನು ದಿನಾ ಕೆಲವು ನಿಮಿಷ ಮನಸ್ಸಿನಲ್ಲೇ ನೋಡುವುದು. ಬ್ಯಾರಿ ಕ್ರಾಕೋ ಮತ್ತು ಸಂಗಡಿಗರು ಲೈಂಗಿಕ ದೌರ್ಜನ್ಯಕ್ಕೊಳಗಾಗಿ ದುಃಸ್ವಪ್ನಗಳಿಂದ ನರಳುತ್ತಿದ್ದ 168 ಮಹಿಳೆಯರಲ್ಲಿ ಇದನ್ನು ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದರು. ಚಿಕಿತ್ಸೆ ಪಡೆದವರಲ್ಲಿ ಕೆಟ್ಟ ಕನಸುಗಳು ಗಣನೀಯವಾಗಿ ಇಳಿದವು, ನಿದ್ದೆ ಸುಧಾರಿಸಿತು. ಗಾಯ ಆಳವಾಗಿದ್ದರೆ ಇದನ್ನು ಮನೋವೈದ್ಯರ ಜೊತೆಯಲ್ಲೇ ಮಾಡಬೇಕು. ಕೆಲವು ಬಿಪಿ ಮಾತ್ರೆ, ಖಿನ್ನತೆಯ ಮಾತ್ರೆಗಳೂ ಕನಸನ್ನು ಬದಲಿಸುತ್ತವೆ. ಹೊಸ ಮಾತ್ರೆ ಶುರುವಾದ ಮೇಲೆ ಕನಸು ಕೆಟ್ಟರೆ ಡಾಕ್ಟರಿಗೆ ಹೇಳಿ, ತಾವಾಗಿಯೇ ನಿಲ್ಲಿಸಬೇಡಿ.

ದಿಂಬಿನ ಪಕ್ಕದ ಪುಸ್ತಕ

1893ರಲ್ಲಿ ಅಮೆರಿಕದ ಮೇರಿ ಕಾಲ್ಕಿನ್ಸ್ ತನ್ನ ಕನಸುಗಳ ಲೆಕ್ಕ ಪ್ರಕಟಿಸಿದಳು. ಬೇರೆ ಬೇರೆ ಹೊತ್ತಿಗೆ ಅಲಾರಂ ಇಟ್ಟು ಎದ್ದು, ಹಾಸಿಗೆಯ ಪಕ್ಕ ಇಟ್ಟುಕೊಂಡ ಮೇಣದಬತ್ತಿ ಹಚ್ಚಿ, ಕಾಗದದ ಮೇಲೆ ಬರೆಯುತ್ತಿದ್ದಳು. ಕೆಲವೇ ವಾರಗಳಲ್ಲಿ ಇನ್ನೂರಕ್ಕೂ ಹೆಚ್ಚು ಕನಸು. ಅತಿ ಉಜ್ವಲವಾದ ಕನಸೆಂದು ಎಣಿಸಿ ನೆನಪಿನ ಮೇಲೆ ಭರವಸೆಯಿಟ್ಟು ಬರೆಯದೆ ಮಲಗಿದರೆ ಬೆಳಿಗ್ಗೆ ಏನೂ ಉಳಿಯುವುದಿಲ್ಲ ಎಂಬುದನ್ನು ಅವಳೂ ಕಂಡುಕೊಂಡಳು.

ಮೇಣದಬತ್ತಿ ಈಗ ಬೇಡ. ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲು ಸಾಕು. ಮಲಗುವಾಗ ‘ಕನಸು ನೆನಪಿಟ್ಟುಕೊಳ್ಳುತ್ತೇನೆ’ ಎಂದು ಮನಸ್ಸಿಗೆ ಹೇಳಿಕೊಳ್ಳುವುದೂ ಕೆಲಸ ಮಾಡುತ್ತದೆ. ರಾತ್ರಿ ಕುಡಿದರೆ ಮೊದಲ ಅರ್ಧದ ರೆಮ್ ನಿದ್ದೆಯೇ ಕಡಿಮೆಯಾಗುತ್ತದೆ. ಎಲ್ಲಕ್ಕಿಂತ ಮುಖ್ಯ ಎಚ್ಚರವಾದ ಮೇಲಿನ ಒಂದೆರಡು ನಿಮಿಷ. ಕದಲಬಾರದು, ಮಗ್ಗುಲು ಬದಲಿಸಬಾರದು, ಕಣ್ಣು ಬಿಡಬಾರದು. ಉಳಿದಿರುವ ಕೊನೆಯ ಚಿತ್ರ ಯಾವುದೋ ಅದನ್ನಷ್ಟೇ ಹಿಡಿದುಕೊಳ್ಳಬೇಕು. ಚಿತ್ರವೂ ಇಲ್ಲದಿದ್ದರೆ ಆ ಕಳವಳ ಅಥವಾ ಆ ಸಂತೋಷವನ್ನೇ ಹಿಡಿಯಬೇಕು. ನೆನಪು ಹಿಂದುಮುಂದಾಗಿ ಬರುತ್ತದೆ: ಕೈಯಲ್ಲಿ ಏನೂ ಇಲ್ಲ, ಅದಕ್ಕೂ ಮುಂಚೆ ಕಾರಿಡಾರು, ಅದಕ್ಕೂ ಮುಂಚೆ ಹಿತ್ತಿಲ ಬಾಗಿಲು, ಬಾಗಿಲಿನ ಅಗುಳಿ ತಣ್ಣಗಿತ್ತು, ಒಳಗೆ ಯಾರೋ ಹಾಡುತ್ತಿದ್ದರು.

ಹಾಲಿನ ಪ್ಯಾಕೆಟ್ ಗೇಟಿನ ಹತ್ತಿರ ಇನ್ನೊಂದೈದು ನಿಮಿಷ ಇರಲಿ.